ದೇವರ ಗೂಡಿನಲ್ಲಿ ಮೀನಿನ ಹುರುಪೆ

ನಾನು ಮೀನು ತಿಂದವನಲ್ಲ, ಆದರೆ ಮೀನಿನಿಂದಲೇ ಅನ್ನ ತಿಂದವನು. ಈಗ ಇದನ್ನು ಎದೆಯುಬ್ಬಿಸಿ ಹೇಳುತ್ತೇನೆ. ಎಪ್ಪತ್ತರ ದಶಕದಲ್ಲಿ ಆ ಧೈರ್ಯವಿರಲಿಲ್ಲ. ಲಿಂಗ ಕಟ್ಟಿದ ಮನೆಯ ಹುಡುಗ ಮೀನಿನ ವಿಜ್ಞಾನಿಯಂತೆ, ಹೊನ್ನಾಳಿಯ ಹೊಳೆಯಲ್ಲಿ, ಚನ್ನಗಿರಿಯ ಕೆರೆಗಳಲ್ಲಿ ಬಲೆ ಬೀಸುವವರ ಹಿಂದೆ ಅಲೆಯುತ್ತಾನಂತೆ ಎಂದು ಗೊತ್ತಾದೊಡನೆ ಹೆಣ್ಣಿನ ಕಡೆಯವರು ಉಪ್ಪಿಟ್ಟಿನ ತಟ್ಟೆಯ ಜೊತೆಗೆ ಮಾತನ್ನೂ ಎತ್ತಿಕೊಂಡು ಒಳಗೆ ಹೋಗುತ್ತಿದ್ದರು. ಹೀಗೆ ನಾಲ್ಕು ಸಂಬಂಧ ತಪ್ಪಿದ್ದವು. ನನಗೋ ಮದುವೆಯಾಗುವ ಆಸೆ ಬಲವಾಗಿತ್ತು.

ಆದ್ದರಿಂದ ಐದನೆಯ ಸಲ ನ್ಯಾಮತಿಗೆ ಹೆಣ್ಣು ನೋಡಲು ಹೋದಾಗ ನನ್ನ ಸೋದರಮಾವ ಮೊದಲೇ ಬಾಯಿ ಹಾಕಿದರು. “ಹುಡುಗ ಕೆರೆ ಇಲಾಖೆಯಾಗೆ ಆಫೀಸರ್ ಅದಾನ್ರೀ. ವಯಸ್ಸು ಇಪ್ಪತ್ತೇಳು.” ನನಗೆ ಇಪ್ಪತ್ತೊಂಬತ್ತು. ಒಂದೇ ಉಸಿರಿನಲ್ಲಿ ಎರಡು ಸುಳ್ಳು. ನಾನು ತಲೆ ಬಗ್ಗಿಸಿ ಚಹಾ ಕುಡಿದೆ.

ಅಷ್ಟರಲ್ಲಿ ಹುಡುಗಿಯ ಅಜ್ಜಿಯ ಕಣ್ಣು ನನ್ನ ಅಂಗಿ ಜೇಬಿನಿಂದ ಇಣುಕುತ್ತಿದ್ದ ಕಾಗದದ ಪೊಟ್ಟಣದ ಮೇಲೆ ಬಿತ್ತು. ಹಿಂದಿನ ದಿನ ಜಗಳೂರಿನ ಕೆರೆಯಲ್ಲಿ ಸಿಕ್ಕಿದ್ದ ದೊಡ್ಡ ಕಾಟ್ಲಾ ಮೀನಿನ ಹುರುಪೆಗಳು ಅದರಲ್ಲಿದ್ದವು. ಮರದ ಕಾಂಡದಲ್ಲಿರುವಂತೆ ಹುರುಪೆಯಲ್ಲೂ ಉಂಗುರಗಳಿರುತ್ತವೆ. ಮಸೂರದಡಿ ಎಣಿಸಿದರೆ ಮೀನಿನ ವಯಸ್ಸು ತಿಳಿಯುತ್ತದೆ. “ಪ್ರಸಾದೇನಪ್ಪಾ?” ಎಂದರು ಅಜ್ಜಿ. ಬಾಯಿತಪ್ಪಿ “ಹೂಂ” ಎಂದುಬಿಟ್ಟೆ. ಅವರು ಪೊಟ್ಟಣವನ್ನು ಇಸಿದುಕೊಂಡು, ಕಣ್ಣಿಗೊತ್ತಿಕೊಂಡು, ಒಳಗೆ ಹೋಗಿ ದೇವರ ಗೂಡಿನಲ್ಲಿಟ್ಟರು.

ಮದುವೆ ಹೋದರೆ ಹೋಗಲಿ, ಆ ಮುದುಕಿ ಬೆಳಿಗ್ಗೆ ಎದ್ದು ಅದನ್ನು ಬಾಯಿಗೆ ಹಾಕಿಕೊಂಡರೆ? ಎದ್ದು ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಎಲ್ಲವನ್ನೂ ಎಂದರೆ, ಮೀನಿನ ಸಂಗತಿಯನ್ನು. ಮಾವ ತಲೆಯ ಮೇಲೆ ಕೈ ಹೊತ್ತರು. ಅಜ್ಜಿ ಗೂಡು ತೊಳೆಯಲು ನೀರು ತರಿಸಿದರು. ಪೊಟ್ಟಣವನ್ನು ತಂದವಳು ಹುಡುಗಿ, ಸರ್ವಮಂಗಳ. ಕೊಡುವ ಮೊದಲು ಒಂದು ಹುರುಪೆಯನ್ನು ಬೆಳಕಿಗೆ ಹಿಡಿದಳು. “ಇದ್ರಾಗೆ ವಯಸ್ಸು ಹೆಂಗೆ ಗೊತ್ತಾಗುತ್ತೆ? ನನಗೂ ತೋರಿಸ್ರಿ.”

ಅವಳ ಅಪ್ಪ ನಕ್ಕುಬಿಟ್ಟರು. “ಸುಮ್ನಿದ್ರೆ ನಡೀತಿತ್ತು, ಆದ್ರೂ ನಿಜ ಹೇಳಿದಾನೆ. ಇಂಥವನು ಮೋಸ ಮಾಡಂಗಿಲ್ಲ ಬಿಡ್ರಿ.” ಸಂತೋಷಕ್ಕೆ ನನಗೆ ಮಾತೇ ಹೊರಡಲಿಲ್ಲ. ವಯಸ್ಸಿನ ವಿಷಯ ಹೇಳದಿದ್ದುದಕ್ಕೂ ಅದೇ ಕಾರಣವೆಂದು ಇಟ್ಟುಕೊಳ್ಳಿ.

ಮದುವೆಯಾಯಿತು. ಸರ್ವಮಂಗಳ ಉಂಗುರ ಎಣಿಸುವುದನ್ನು ನನಗಿಂತ ಚೆನ್ನಾಗಿ ಕಲಿತಳು. ಎಂಬತ್ತರ ದಶಕದಲ್ಲಿ ಜಗಳೂರಿಗೆ ವರ್ಗವಾಗಿ ಸಾಮಾನು ಕಟ್ಟುತ್ತಿದ್ದಾಗ ಅವಳ ಕೈಗೆ ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಸಿಕ್ಕಿತು. ಹುಟ್ಟಿದ ದಿನಾಂಕದ ಮೇಲೆ ಮಸೂರವಿಟ್ಟು ನಿಧಾನವಾಗಿ ನೋಡಿದಳು.

“ರೀ, ಈ ಮೀನಿಗೆ ಎರಡು ಉಂಗುರ ಜಾಸ್ತಿ ಅದಾವಲ್ರೀ!”

ಅಂದಿನಿಂದ ಮನೆಗೆ ಬಂದವರಿಗೆ ನನ್ನ ವಯಸ್ಸನ್ನು ಅವಳೇ ಹೇಳುತ್ತಾಳೆ. ನಾನು ಮೀನುಗಳದ್ದು ಮಾತ್ರ ಹೇಳುತ್ತೇನೆ.