ಬದಲಿ ಆಳು ಸಲ್ಲದು

ನಮ್ಮ ಭಾನುವಾರದ ಶ್ರಮದಾನದ ಗುಂಪಿಗೆ ಇರುವುದು ಒಂದೇ ನಿಯಮ: ಬರುತ್ತೇನೆ ಎಂದವರು ತಾವೇ ಬರಬೇಕು, ಬದಲಿಗೆ ಇನ್ನೊಬ್ಬರನ್ನು ಕಳಿಸಕೂಡದು. ನಿಯಮ ಬರೆದವನು ನಾನು. ಗೆಳೆಯನ ಪರವಾಗಿ ‘ಪ್ರೆಸೆಂಟ್ ಸರ್’ ಅಂದವನ ಅಂಗೈಗೆ ರೂಲುದೊಣ್ಣೆ ಬೀಳುತ್ತಿದ್ದ ಕಾನ್ವೆಂಟಿನಲ್ಲಿ ಓದಿದವನು. ನಿವೃತ್ತನಾಗಿ ಪಾಂಡವಪುರಕ್ಕೆ ಬಂದು ನೆಲೆಸಿದ ಮೇಲೆ ತಿಳಿಯಿತು, ಈ ನಿಯಮ ಮುರಿಯದೆ ನಮ್ಮ ಕಡೆ ಒಂದು ಭಾನುವಾರವೂ ಕಳೆಯುವುದಿಲ್ಲ.

ಗುಂಪಿನ ಸುದ್ದಿ ಕೇಳಿ ಮೊದಲು ಹುಡುಕಿಕೊಂಡು ಬಂದವರು ಬಿಂಡಿಗನವಿಲೆ ಕಡೆಯ ಒಬ್ಬ ಅಜ್ಜಿ. ಅವರ ಊರಿನ ಪುಟ್ಟ ಕಟ್ಟೆಯಲ್ಲಿ ಹೂಳು ತುಂಬಿ ನೀರು ನಿಲ್ಲುತ್ತಿರಲಿಲ್ಲ. ಕುರಿಗಳಿಗೆ ನೀರು ಕುಡಿಸಬೇಕೆಂದರೆ ದೊಡ್ಡ ರಸ್ತೆ ದಾಟಿಸಬೇಕು. ಹೋದ ಬೇಸಿಗೆಯಲ್ಲಿ ಎರಡು ಮರಿ ಲಾರಿಗೆ ಸಿಕ್ಕಿದ್ದವು. ಹಿಂಗಾರು ಹಿಡಿಯುವುದರೊಳಗೆ ಹೂಳು ತೆಗೆದರೆ ಸರಿ, ಇಲ್ಲದಿದ್ದರೆ ಇನ್ನೊಂದು ವರ್ಷ ಆ ರಸ್ತೆಯೇ ಗತಿ.

“ಮೊದಲು ಮೂರು ಸಣ್ಣ ಕೆಲಸ ಮಾಡಿ ನೋಡ್ತೀನಿ. ಜನ ತಾವೇ ಬಂದರೆ ನಾಲ್ಕನೆಯದು ನಿಮ್ಮ ಕಟ್ಟೆ” ಅಂದೆ.

“ಜನ ಬರ್ದೆ ಎಲ್ಲೋಯ್ತಾರೆ ಬುಡಿ ಸ್ವಾಮಿ” ಅಂದರು ಅಜ್ಜಿ.

ಎಲ್ಲಿ ಹೋಗುತ್ತಾರೆ ಅನ್ನುವುದನ್ನು ಕೆಳಗೆ ಬರೆದಿದ್ದೇನೆ.

ಗಂಜಾಂನ ಇಡ್ಲಿ

ಮೊದಲ ಭಾನುವಾರ ಗಂಜಾಂನ ಸ್ನಾನಘಟ್ಟದಲ್ಲಿ. ಮಿಂದವರು ಹೊಳೆಗೆ ಬಿಟ್ಟುಹೋದ ಬಟ್ಟೆಗಳು ಮೆಟ್ಟಿಲಿಗೆ ಸುತ್ತಿಕೊಂಡಿರುತ್ತವೆ, ಅವನ್ನು ಎಳೆದು ಹಾಕುವ ಕೆಲಸ. ಇಪ್ಪತ್ತು ಜನ ಬಂದಿದ್ದರು. ಬಂದೇ ಬರುತ್ತೇನೆ ಎಂದಿದ್ದ ಹೋಟೆಲ್ ಮಾಲೀಕರ ಸುಳಿವಿಲ್ಲ. ಸ್ವಲ್ಪ ಹೊತ್ತಿಗೆ ಅವರ ಆಟೋ ಬಂತು. ಒಳಗೆ ಎರಡು ಡಬರಿ ಇಡ್ಲಿ, ಒಂದು ಬಕೆಟ್ ಚಟ್ನಿ. ಫೋನ್ ಮಾಡಿದೆ.

“ನೀವೆಲ್ಲಿ?”

“ಗಲ್ಲಾ ಬುಟ್ಟು ಬರಕ್ಕಾಗ್ನಿಲ್ಲ ಸಾರ್. ನನ್ ಬದ್ಲು ಇಡ್ಲಿ ಕಳ್ಸಿವ್ನಿ.”

“ಬದಲಿ ಸಲ್ಲದು ಅಂತ ಹೇಳಿದ್ದೆ.”

“ಬದ್ಲಿ ಆಳು ತಾನೆ ಸಾರ್ ಬ್ಯಾಡ ಅಂದಿದ್ದು. ಇದು ಇಡ್ಲಿ.”

ಇಂಥ ವಾದಕ್ಕೆ ಬಗ್ಗುವವನಲ್ಲ ನಾನು. ಡಬರಿಗಳಿಗೆ ಮುಚ್ಚಳ ಹಾಕಿಸಿ ಆಟೋ ವಾಪಸ್ ಕಳಿಸಿದೆ. ನಿಯಮ ಉಳಿಯಿತು. ಆಟೋ ತಿರುವಿನಲ್ಲಿ ಮರೆಯಾಗುವ ತನಕ ನಿಂತು ನೋಡಿದೆ. ಅದರ ಹಿಂದೆ, ಒದ್ದೆ ಪಂಚೆ ಎತ್ತಿ ಕಟ್ಟಿಕೊಂಡು, ನನ್ನ ಇಪ್ಪತ್ತು ಜನರೂ ಓಡುತ್ತಿದ್ದರು.

ಕೆ.ಆರ್. ಪೇಟೆಯ ಅಳಿಯ

ಎರಡನೆಯದು ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಊರಿನ ಶಾಲೆಯ ಕಾಂಪೌಂಡಿಗೆ ಸುಣ್ಣ ಬಳಿಯುವುದು. ಹತ್ತು ಜನ ಬರುತ್ತೇವೆ ಎಂದಿದ್ದರು, ಒಬ್ಬರೂ ಬರಲಿಲ್ಲ. ಅವರಲ್ಲೊಬ್ಬ ಯಜಮಾನರು ತಮ್ಮ ಬದಲಿಗೆ ಹೊಸ ಅಳಿಯನನ್ನು ಕಳಿಸಿದ್ದರು. ಮದುವೆಯಾದ ಮೇಲೆ ಮೊದಲ ಸಲ ಮಾವನ ಮನೆಗೆ ಊಟಕ್ಕೆಂದು ಬಂದಿದ್ದವನು. ಜರಿ ಪಂಚೆ, ಬೆರಳಿಗೆ ಹೊಸ ಉಂಗುರ, ಕೈಯಲ್ಲಿ ಸುಣ್ಣದ ಬ್ರಷ್ಷು. ನಿನ್ನನ್ನು ಸೇರಿಸಿಕೊಳ್ಳಲಾಗದಪ್ಪ ಎಂದು ನಾನು ನಿಯಮ ವಿವರಿಸುತ್ತಿರುವಾಗಲೇ ಡೈರಿಗೆ ಹಾಲು ಹಾಕಿ ಬರುತ್ತಿದ್ದ ಹೆಂಗಸೊಬ್ಬರ ಕಣ್ಣಿಗೆ ಅವನು ಬಿದ್ದ.

“ಒಸ ಅಳೀಮಯ್ಯನ ಕೈಗೆ ಸುಣ್ಣದ ಬ್ರಷ್ಷು ಕೊಟ್ಟೋನು ಯಾವನ್ಲಾ?”

ಇಷ್ಟೇ ಕೇಳಿದ್ದು. ನೋಡನೋಡುತ್ತ ಊರಿಗೂರೇ ಬಂತು. ಅಳಿಯನ ಕೈಯಿಂದ ಬ್ರಷ್ಷು ಕಿತ್ತುಕೊಂಡರು, ಹೆಡ್ಮಾಸ್ಟರ ಕುರ್ಚಿ ತಂದು ನೆರಳಿನಲ್ಲಿ ಕೂರಿಸಿದರು, ಕೈಗೊಂದು ಎಳನೀರು ಕೊಟ್ಟರು. ಊರಿನ ಮಾನ ಉಳಿಸಲು ಗೋಡೆಯ ಒಳಮೈ ಹೊರಮೈ ಎರಡೂ ಬಳಿದು, ಸುಣ್ಣ ಮಿಕ್ಕಿತೆಂದು ಪಕ್ಕದ ಡೈರಿಯ ಗೋಡೆಗೂ ಬಳಿದರು. ಅಳಿಯ ಎರಡು ಸಲ ಏಳಲು ನೋಡಿದ, ಎರಡು ಸಲವೂ ಗದರಿಸಿ ಕೂರಿಸಿದರು.

ನಿಯಮದ ಪ್ರಕಾರ ಅಂದಿನ ಹಾಜರಿ ಸೊನ್ನೆ. ಬರುತ್ತೇನೆ ಎಂದವರು ಯಾರೂ ಬರಲಿಲ್ಲ, ಬಂದವರು ಯಾರೂ ಬರುತ್ತೇನೆ ಎಂದಿರಲಿಲ್ಲ. ಇದನ್ನು ಗೋಡೆಯ ಮುಂದೆ ನಿಂತು ಎಲ್ಲರಿಗೂ ಸ್ಪಷ್ಟಪಡಿಸಿದೆ. ಕೇಳಿಸಿಕೊಂಡ ಪಕ್ಕದೂರಿನವನೊಬ್ಬ ಹತ್ತಿರ ಬಂದು ಮೆಲ್ಲಗೆ ಹೇಳಿದ: “ಸಾರ್, ನಮ್ಮೂರ್ ಸ್ಕೂಲ್ ಗೋಡೆನೂ ಇಂಗೇ ಆಗೈತೆ. ಈ ಅಳೀಮಯ್ಯನ್ನ ಒಂದಿನ ಕಳ್ಸಿಕೊಡಿ.”

ಪಾಂಡವಪುರದ ನಾಟಿ

ಮೂರನೆಯದು ನಮ್ಮ ಬೀದಿ ಪಕ್ಕದ ಕಾಲುವೆಯ ಗಿಡಗಂಟಿ ಕೀಳುವುದು. ಒಬ್ಬೇ ಒಬ್ಬ ರೈತ ಬಂದ. ತಾನೇ ಬಂದ, ಹೇಳಿದ ಹೊತ್ತಿಗೆ ಬಂದ, ಮುಗಿಯುವ ತನಕ ಇದ್ದ. ನನಗೆ ಕಣ್ಣು ತುಂಬಿ ಬಂತು. ಮರುದಿನ ಬೆಳಿಗ್ಗೆ ಗೇಟಿನ ಮುಂದೆ ಅವನೇ ನಿಂತಿದ್ದ.

“ಸಾರ್, ನಾಳೀಕೆ ನಮ್ಗದ್ದೆ ನಾಟಿ. ಒತ್ತಾರೆ ಬಂದ್ಬುಡಿ.”

“ನಾನ್ಯಾಕಪ್ಪ?”

“ನೀವು ಕರುದ್ರಿ, ನಾ ಬಂದೆ. ಈಗ ನಾ ಕರೀತಿವ್ನಿ. ಮುಯ್ಯಾಳು ಸಾರ್.”

ಇಂದು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು, ಇದು ಮುಯ್ಯಾಳು. ಸ್ವಯಂಸೇವೆ ಎಂದು ನಾನು ಕರೆದದ್ದು ಅವನ ಲೆಕ್ಕದಲ್ಲಿ ಅರ್ಧ ಕೆಲಸ. ಮಿಕ್ಕರ್ಧ ನನ್ನ ಸೊಂಟದ ಮೇಲಿತ್ತು. “ಸೊಂಟ ನೋವು. ಒಬ್ಬ ಆಳನ್ನು ಕಳಿಸ್ತೀನಿ” ಅಂದೆ. ಅವನು ನನ್ನ ಗೇಟಿಗೆ ತೂಗುಹಾಕಿದ್ದ ಬೋರ್ಡನ್ನು ಬೆರಳಿಟ್ಟುಕೊಂಡು ಜೋರಾಗಿ ಓದಿದ: “ಬದಲಿ ಆಳು ಸಲ್ಲದು.”

ಹೋದೆ. ಮಾಡುವುದಾದರೆ ಕ್ರಮವಾಗಿ ಮಾಡಬೇಕು. ಹಗ್ಗ ಹಿಡಿದು, ಸ್ಕೇಲಿಟ್ಟು ಅಳೆದು, ಒಂದೊಂದೇ ಪೈರು ನೆಟ್ಟಗೆ ನಿಲ್ಲಿಸಿದೆ. ನನ್ನದೊಂದು ಸಾಲು ಮುಗಿಯುವಾಗ ಹೆಂಗಸರು ಗದ್ದೆ ಮುಗಿಸಿ ಬದುವಿನ ಮೇಲೆ ಊಟಕ್ಕೆ ಕೂತಿದ್ದರು. “ಸಾರು ನಾಟಿ ಆಕ್ತಾವ್ರಾ, ಪೈರ್ಗೆ ಪಾಠ ಯೋಳ್ತಾವ್ರಾ?” ಎಂದು ಒಬ್ಬರು ಕೇಳಿದರು. ಮಿಕ್ಕವರು ನಕ್ಕ ನಗುವಿಗೆ ಒಬ್ಬರ ಕೈಯ ಮುದ್ದೆ ಕೆಸರಿಗೆ ಬಿತ್ತು.

ಸಂಜೆ ರೈತ ಬೈಕಿನಲ್ಲಿ ನನ್ನನ್ನು ಮನೆಗೆ ಬಿಟ್ಟ. ಇಳಿಸಿ, ತಲೆ ಕೆರೆದುಕೊಂಡು, ನೆಲ ನೋಡುತ್ತ ಹೇಳಿದ: “ಸಾರ್, ಕುಯ್ಲಿಗೆ ನೀವು ಬ್ಯಾಡಿ. ಬದ್ಲಿ ಆಳೇ ಕಳ್ಸಿಬುಡಿ.”

ಅಜ್ಜಿಯ ಕಟ್ಟೆ

ಮೂರಕ್ಕೆ ಮೂರೂ ಕಡೆ ನಿಯಮ ಮುರಿದಿತ್ತು, ಮೂರನೆಯ ಕಡೆ ಮುರಿಯಹೊರಟವನು ನಾನೇ. ಕಟ್ಟೆಯ ಕೆಲಸ ಆಗುವುದಿಲ್ಲ ಎಂದು ಅಜ್ಜಿಗೆ ಹೇಳಬೇಕಿತ್ತು. ಅಂಥ ಮಾತನ್ನು ಫೋನಿನಲ್ಲಿ ಹೇಳಬಾರದು, ನಾನೇ ಹೋದೆ.

ಕಟ್ಟೆಯ ಏರಿಯ ಮೇಲೆ ಒಂದು ದೇವರ ಕಲ್ಲಿದೆ. ಚಪ್ಪಲಿ ಮೆಟ್ಟಿಕೊಂಡು ಯಾರೂ ಏರಿ ಹತ್ತುವುದಿಲ್ಲ. ನಾನೂ ಬೂಟು ಬಿಚ್ಚಿಟ್ಟು ಹತ್ತಿದೆ. ಕಾರು ಕಂಡು ಊರಿನ ಗಂಡಸರೆಲ್ಲ ಬಂದು, ಕೆಳಗೆ ಚಪ್ಪಲಿ ಬಿಟ್ಟು, ಮೇಲೆ ಸೇರಿದರು. ನಾನು ನಿಯಮ ಹೇಳಿದೆ, ಅದು ಮುರಿದ ಬಗೆ ಹೇಳಿದೆ, ಆದ್ದರಿಂದ ಇಲ್ಲಿ ಕೆಲಸ ಇಲ್ಲ ಎಂದು ಮುಗಿಸಿದೆ.

“ಸರ್ಯಾಗ್ ಏಳುದ್ರಿ ಸಾರ್” ಎಂದು ಪಂಚಾಯ್ತಿ ಮೆಂಬರು ಚಪ್ಪಾಳೆ ತಟ್ಟಿದರು. ಇಷ್ಟು ಬೇಗ ಮುಗಿದ ಶ್ರಮದಾನವನ್ನು ಅವರು ಕಂಡಿರಲಿಲ್ಲ. ಎಲ್ಲರೂ ಖುಷಿಯಾಗಿ ಏರಿಯಿಂದ ಇಳಿದರು.

ಕೆಳಗೆ ಒಂದು ಜೊತೆ ಚಪ್ಪಲಿಯೂ ಇರಲಿಲ್ಲ. ಊರಿನ ದಾರಿ ತುಂಬ ಜಾಲಿಮುಳ್ಳು. ಅಜ್ಜಿ ಒಂದು ಉಬ್ಬಿದ ಗೋಣಿಚೀಲದ ಮೇಲೆ ಕೂತಿದ್ದರು. ಪಕ್ಕದಲ್ಲಿ ಮಣ್ಣು ಹೊರುವ ಮಂಕರಿ, ಗುದ್ದಲಿಗಳ ರಾಶಿ. ಚೀಲದ ಬಾಯಿಂದ ನನ್ನ ಬೂಟಿನ ಲೇಸು ಇಣುಕುತ್ತಿತ್ತು.

“ಏನವ್ವ ಇದು?” ಅಂದರು ಮೆಂಬರು.

“ಊಳು ತಗ್ದ್ಬುಟ್ಟು ಇಸ್ಕೊಂಡೋಗ್ರಪ್ಪ.”

“ನಾಗಮಂಗ್ಲದಲ್ಲಿ ಮದ್ವೆ ಐತೆ ಕಣವ್ವ. ನನ್ ಬದ್ಲು ಇಬ್ರು ಆಳ್ ಕಳಿಸ್ತೀನಿ.”

“ಆಳ್ನ ಚಪ್ಲಿ ಆಳ್ಗೆ ಕೊಡ್ತೀನಿ. ನಿಂದು ನಿಂಗೇಯ.”

“ಜೆಸಿಬಿನೇ ಕಳಿಸ್ತೀನಿ ಅಜ್ಜಿ” ಅಂದ ಹಿಂದಿನಿಂದ ಒಬ್ಬ ಕಂಟ್ರಾಕ್ಟರು.

“ಅದ್ಕೆ ಚಪ್ಲಿ ಐತೇನ್ಲಾ?”

ಮೆಂಬರು ಬಿಳಿ ಪಂಚೆ ಎತ್ತಿ ಕಟ್ಟಿ ಕಟ್ಟೆಗೆ ಇಳಿದರು. ಹಿಂದೆ ಕಂಟ್ರಾಕ್ಟರು, ಅವನ ಹಿಂದೆ ಊರು. ಸಂಜೆ ತಳದ ಕಲ್ಲು ಕಾಣುವವರೆಗೆ ಒಬ್ಬರೂ ಕದಲಲಿಲ್ಲ, ಕದಲುವಂತೆಯೂ ಇರಲಿಲ್ಲ.

ನಡುವೆ ನಾನೊಬ್ಬ ಅಜ್ಜಿಯ ಹತ್ತಿರ ಹೋಗಿ ಕೇಳಿದ್ದುಂಟು. “ಅಜ್ಜಿ, ನಾನು ಹೇಳಿ ಹೋಗೋಕೆ ಬಂದವನು. ಮಧ್ಯಾಹ್ನ ಪಾಂಡವಪುರದಲ್ಲಿರಬೇಕು. ನನ್ನ ಬೂಟು ಕೊಟ್ಟುಬಿಡಿ.”

“ಯಾವ್ದು ಸ್ವಾಮಿ, ಕರೀವಾ?”

“ಹೌದು, ಕರಿಯವೇ.”

ಅಜ್ಜಿ ಎದ್ದರು. ಚೀಲದ ಬಾಯಿ ಬಿಚ್ಚಿದರು. ಎರಡೂ ಬೂಟು ತೆಗೆದು, ತಿರುಗಿಸಿ ನೋಡಿ, ನನ್ನವೇ ಎಂದು ಖಾತ್ರಿ ಮಾಡಿಕೊಂಡು, ಎಲ್ಲರ ಚಪ್ಪಲಿಗಿಂತ ಕೆಳಗೆ ತಳಕ್ಕೆ ತುರುಕಿದರು. ಬಾಯಿಗೆ ಇನ್ನೊಂದು ಗಂಟು ಹಾಕಿ, ಚೀಲದ ಮೇಲೆ ಮೊದಲಿನಂತೆ ಕೂತು, ನನ್ನ ಕಡೆಗೊಂದು ಖಾಲಿ ಮಂಕರಿ ನೂಕಿದರು.