ಫಂಕ್ಷನ್ ಹಾಲ್ ನೋಡಲು ಬಂದವರು

ನಮ್ಮ ಚಿಗವ್ವ ಒಬ್ಬಳೇ ಎಲ್ಲಿಗೂ ಹೋಗುವವಳಲ್ಲ. ಒಬ್ಬಳೇ ಬಂದಾಗಲೂ ಅವಳು ಒಬ್ಬಳೇ ಬಂದಿರುವುದಿಲ್ಲ! ಅರ್ಥವಾಗಲಿಲ್ಲವೇ? ಮೊದಲು ನನಗೂ ಆಗಿರಲಿಲ್ಲ. ಅರ್ಥವಾದ ಮೇಲೆ ಎರಡು ದಿನ ಹಿತ್ತಲಿಗೆ ಹೋಗುವಾಗ ಮಗಳನ್ನು ಜೊತೆಗೆ ಕರೆದುಕೊಂಡು ಹೋದೆ.

ಚಿಗವ್ವ ಎಂದರೆ ನನ್ನ ತಾಯಿಯ ತಂಗಿ. ನಾನು ತೊಟ್ಟಿಲಲ್ಲಿದ್ದಾಗಲೇ ತಾಯಿ ತೀರಿಕೊಂಡಳು. ಸಾಕಿದವಳು ಇವಳು. ಮಾತು ಬಂದ ಹೊಸದರಲ್ಲಿ ನಾನು ಇವಳನ್ನೇ "ಅವ್ವಾ" ಎಂದು ಕರೆಯಲು ಹೋದರೆ ನನ್ನ ಬಾಯಿಯ ಮೇಲೆ ಕೈ ಇಡುತ್ತಿದ್ದಳಂತೆ. "ಚಿಗವ್ವ ಅನ್ನಬೇ. ಆ ಮಾತು ಒಬ್ಬರಿಗಂತ ತಗದಿಟ್ಟೀನಿ" ಎನ್ನುತ್ತಿದ್ದಳಂತೆ. ಹಬ್ಬದ ದಿನ ಹೋಳಿಗೆ ತೆಗೆದಿಡುವುದನ್ನು ನೋಡಿದ್ದೇನೆ, ಮಾತನ್ನೂ ತೆಗೆದಿಡುತ್ತಾರೆಯೇ? ಅಂತೂ ನಾನು ಈ ವಯಸ್ಸಿನವರೆಗೆ ಯಾರನ್ನೂ ಅವ್ವಾ ಎಂದು ಕರೆದಿರಲಿಲ್ಲ.

ಈಗ ನನ್ನ ಮಗಳ ಮದುವೆ. ಹುಡುಗ ತುರ್ವಿಹಾಳದವನು. ಎಲ್ಲ ಕೂಡಿಬಂದಿತ್ತು, ಹಾಲ್ ಒಂದು ಗೊತ್ತಾಗುವುದು ಬಾಕಿ. ಪಾಮನಕಲ್ಲೂರಿನಲ್ಲಿರುವ ಚಿಗವ್ವನಿಗೆ ಫೋನ್ ಮಾಡಿ, ಸಿಂಧನೂರಿಗೆ ಬಾ, ಹಾಲ್ ನೋಡೋಣ ಎಂದೆ.

"ತಡಿಬೇ, ಎಲ್ಲಾರನ್ನೂ ಕೇಳಿ ಹೇಳತೀನಿ" ಎಂದಳು.

ಎಲ್ಲಾರು ಅಂದರೆ ಯಾರು? ಆ ಮನೆಯಲ್ಲಿ ಅವಳು ಮತ್ತು ಒಂದು ಎಮ್ಮೆ ಬಿಟ್ಟರೆ ಯಾರೂ ಇಲ್ಲ!

ಬಂದಳು. ನಮ್ಮ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟವಳು ಒಳಗೆ ಬರಲಿಲ್ಲ. ಪಕ್ಕಕ್ಕೆ ಸರಿದು, ಯಾರೋ ದಾಟಿ ಹೋಗುವಷ್ಟು ಹೊತ್ತು ನಿಂತು, ಆಮೇಲೆ ಬಂದಳು.

ಸಿಂಧನೂರಿನ ಮೊದಲ ಹಾಲ್ ಭರ್ಜರಿಯಾಗಿತ್ತು. ಏಸಿ, ಗಾಜಿನ ಬಾಗಿಲು, ಮದುಮಕ್ಕಳು ಕೂರುವ ಸಿಂಹಾಸನ. ಮಟಮಟ ಮಧ್ಯಾಹ್ನ, ಅಲ್ಲಿಯ ಮ್ಯಾನೇಜರ್ ಒಬ್ಬನನ್ನು ಬಿಟ್ಟರೆ ಒಂದು ನರಪಿಳ್ಳೆ ಇಲ್ಲ. ಸಿಂಹಾಸನಗಳಿಗೆ ಬಿಳಿ ಬಟ್ಟೆ ಮುಚ್ಚಿದ್ದರು. ಯಾರೋ ಮುಸುಕು ಹಾಕಿಕೊಂಡು ಜೋಡಿಯಾಗಿ ಕೂತ ಹಾಗಿತ್ತು. ಚಿಗವ್ವ ಬಾಗಿಲಲ್ಲಿ ನಿಂತು ಹಿಂದಕ್ಕೆ ತಿರುಗಿ, "ಬರ್ರಿ, ಬರ್ರಿ, ಹೊಸ್ತಲ ಐತಿ ನೋಡ್ರಿ" ಎಂದಳು.

ಮ್ಯಾನೇಜರ್ ನನ್ನ ಬೆನ್ನ ಹಿಂದೆ ಇಣುಕಿದ. ನಾನೂ ಇಣುಕಿದೆ. ರಸ್ತೆ ಖಾಲಿ.

"ಯಾರನ್ನ ಕರಿಯಾಕತ್ತಿ ಚಿಗವ್ವ?"

"ಹಿರೇರನ್ನ. ಮತ್ಯಾರನ್ನ?"

ಅವಳ ವಾದ ಕೇಳಿದರೆ ತಲೆ ತಿರುಗುತ್ತದೆ, ಆದರೆ ತಪ್ಪು ಹುಡುಕುವುದು ಕಷ್ಟ. ನಮ್ಮಲ್ಲಿ ಮದುವೆಯ ಮೊದಲ ಪತ್ರಿಕೆ ದೇವರಿಗೆ, ಎರಡನೆಯದು ತೀರಿಹೋದ ಹಿರಿಯರಿಗೆ. ಅರಿಶಿನ ಹಚ್ಚಿ ಅವರ ಫೋಟೋದ ಮುಂದೆ ಇಡುತ್ತೇವೆ. ಮೊದಲು ಮದುವೆ ಮನೆಯ ಮುಂದಿನ ಹಂದರದಲ್ಲೇ ಆಗುತ್ತಿತ್ತು, ಹಿರಿಯರು ಎದ್ದು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಈಗ ಮದುವೆ ಎಲ್ಲೋ ಬೈಪಾಸ್ ರಸ್ತೆಯ ಹಾಲಿನಲ್ಲಿ!

"ಪತ್ರಿಕ್ಯಾಗ ಅಡ್ರೆಸ್ ಬರದ್ರ ಆತೇನಬೇ? ನಮ್ಮಪ್ಪ ಏನ್ ಸಾಲಿ ಕಲತಾನ? ಮೊದಲ ಕರಕೊಂಡು ಬಂದು ಜಾಗಾ ತೋರಸಬೇಕು."

ಹೀಗೆ ಹಾಲ್ ನೋಡಲು ನಾವಿಬ್ಬರು ಬಂದಿರಲಿಲ್ಲ, ಒಂದು ದೊಡ್ಡ ತಂಡವೇ ಬಂದಿತ್ತು. ಚಿಗವ್ವ ಹೊಸ್ತಿಲಲ್ಲೇ ನಿಂತು ಕಿವಿಗೊಟ್ಟು ಏನನ್ನೋ ಕೇಳಿಸಿಕೊಂಡು ತಲೆಯಾಡಿಸಿದಳು.

"ಬ್ಯಾಡಂತ. ಬಾಜೂಕ ಬಾರ್ ಐತಿ. ನಿನ್ನ ಸಣ್ಣ ಮಾವ ಆಗಲೇ ಆ ಕಡಿಗೆ ನಡದಾನ. ಬದುಕಿದ್ದಾಗ ಹಿಡದು ತರಾಕ ಆಗಲಿಲ್ಲ, ಈಗ ಎಲ್ಲಿ ಹಿಡೀಲಿ?"

ನಾವು ಹೊರಬಂದ ಮೇಲೂ ಮ್ಯಾನೇಜರ್ ಬಾಗಿಲು ಹಾಕಲಿಲ್ಲ. ಇನ್ನೂ ಯಾರೋ ಹೊರಗೆ ಬರುವುದು ಬಾಕಿ ಇದ್ದಂತೆ ಹಿಡಿದುಕೊಂಡೇ ನಿಂತಿದ್ದ. ಪಾಪ, ಅವನದೇನು ತಪ್ಪು?

ಮರುದಿನ ಲಿಂಗಸುಗೂರಿನ ಬಸ್ಸು. ಮೂವರು ಕೂರುವ ಸೀಟು. ಕಿಟಕಿಗೆ ಚಿಗವ್ವ, ಈ ತುದಿಗೆ ನಾನು, ನಡುವೆ ಅವಳ ಕೈಚೀಲ. ಕಂಡಕ್ಟರ್ ಬಂದ. ಹೆಂಗಸರಿಗೆ ಟಿಕೆಟ್ ಪುಕ್ಕಟೆ ತಾನೆ? ಚಿಗವ್ವ ಮೂರು ಟಿಕೆಟ್ ಕೇಳಿದಳು.

"ಮೂರನೇದವ್ರು ಎಲ್ಲದಾರಮ್ಮ? ಆಧಾರ್ ಕಾರ್ಡ್ ತೋರಸ್ರಿ."

"ಅಕಿ ಆಧಾರ್ ಬರೂಕಿಂತ ಮೊದಲ ಹೋಗ್ಯಾಳಪಾ."

"ಎಲ್ಲಿಗೆ ಹೋಗ್ಯಾಳ?"

"ಮ್ಯಾಲೆ."

ಕಂಡಕ್ಟರ್ ಬಸ್ಸಿನ ಟಾಪನ್ನು ನೋಡಿದ. ಆಮೇಲೆ ಕೈಚೀಲವನ್ನು ನೋಡಿದ. ಎರಡೇ ಟಿಕೆಟ್ ಹರಿದು ಕೊಟ್ಟು ಡ್ರೈವರ್ ಹತ್ತಿರ ಹೋಗಿ ನಿಂತವನು ಲಿಂಗಸುಗೂರು ಬರುವವರೆಗೆ ನಮ್ಮ ಕಡೆ ಸುಳಿಯಲಿಲ್ಲ.

ಅಲ್ಲಿಯ ಹಾಲ್ ಮೂರನೇ ಮಹಡಿಯಲ್ಲಿತ್ತು. ಅಜ್ಜನಿಗೆ ಮೊಣಕಾಲು ನೋವು, ಮೆಟ್ಟಿಲು ಆಗುವುದಿಲ್ಲ ಎಂದಳು ಚಿಗವ್ವ.

"ಸತ್ತ ಮ್ಯಾಲೂ ಮಳಕಾಲ ನೋವು ಇರತೈತೇನು?" ನಾನು ರೇಗಿದೆ.

"ನೀ ಏನ್ ಸತ್ತು ನೋಡೀಯೇನು?"

ಲಿಫ್ಟ್ ಇದೆ ಎಂದ ಅಲ್ಲಿಯ ಮ್ಯಾನೇಜರ್. ಆರು ಜನ ಹತ್ತುವ ಲಿಫ್ಟು. ನಾವು ಮೂವರು ಹತ್ತಿದೆವು. ಬಾಗಿಲು ಮುಚ್ಚಲಿಲ್ಲ. ತೂಕ ಹೆಚ್ಚಾಯಿತು ಎಂದು ಕೀಂ ಕೀಂ ಎಂದು ಬಡಿದುಕೊಳ್ಳತೊಡಗಿತು! ಮ್ಯಾನೇಜರ್ ಗುಂಡಿ ಒತ್ತಿದ, ಗೋಡೆಗೆ ಗುದ್ದಿದ. ಸದ್ದು ನಿಲ್ಲಲಿಲ್ಲ. ಚಿಗವ್ವ ಹಿಂದಿನ ಮೂಲೆಗೆ ತಿರುಗಿ ಸಮಾಧಾನದಿಂದ ಹೇಳಿದಳು:

"ಒಬ್ಬಿಬ್ರು ಇಳೀರಿ. ಎರಡನೇ ಸಲ ಬರ್ರೆಂತ."

ಸದ್ದು ನಿಂತಿತು. ಬಾಗಿಲು ಮುಚ್ಚತೊಡಗಿತು. ಮ್ಯಾನೇಜರ್ ಆ ಸಂದಿನಲ್ಲೇ ತೂರಿ ಹೊರಗೆ ಹಾರಿಕೊಂಡ. ನನಗೂ ಹಾರಬೇಕೆನಿಸಿತ್ತು, ಮೈಯಲ್ಲಿ ಅಷ್ಟು ಚುರುಕು ಇರಲಿಲ್ಲ. ಮೇಲೆ ಹೋಗುವವರೆಗೆ ನಾನು ನನ್ನ ಕಾಲಬೆರಳು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಆ ಹಾಲೂ ಬೇಡವಾಯಿತು. ಅಜ್ಜಿಗೆ ಪೆಟ್ಟಿಗೆಯಲ್ಲಿ ನಿಲ್ಲಲು ಹೆದರಿಕೆಯಂತೆ!

ಅಂದು ಸಂಜೆ ಬೀಗರ ಫೋನ್ ಬಂತು. "ಮುಹೂರ್ತ ಹತ್ರ ಬಂತ್ರೀ. ಹಾಲ್‌ಗಳು ಒಂದೊಂದಾ ಬುಕ್ ಆಗಾಕತ್ತಾವು. ನಾಳೆ ಹೇಳದಿದ್ರ ಲಗ್ನ ನಮ್ಮ ಊರಾಗ ನಾವ ಮಾಡತೀವಿ. ನೀವು ಬಂದು ಅಕ್ಕಿಕಾಳು ಹಾಕಿ ಹೋಗ್ರಿ." ನಗುತ್ತಲೇ ಹೇಳಿದರು, ನನಗೆ ಮಾತ್ರ ಚುಚ್ಚಿತು. ಒಬ್ಬಳೇ ಮಗಳು. ಅವಳ ಮದುವೆಗೆ ನಾನು ಅತಿಥಿಯ ಹಾಗೆ ಹೋಗಿ ಬರಬೇಕೇ?

"ಅವ್ವಾ, ದೆವ್ವಗಳಿಗೂ ವೋಟ್ ಇರತೈತೇನು?" ಎಂದು ಮಗಳು ಕಣ್ಣೀರು ಹಾಕಿದಳು. ನಾನು ಚಿಗವ್ವನಿಗೆ ಹೇಳಿಯೇಬಿಟ್ಟೆ: ನಾಳೆ ಮಸ್ಕಿಯದು ಕೊನೆಯ ಹಾಲ್. ನಿನ್ನ ಹಿರಿಯರು ಒಪ್ಪಲಿ ಬಿಡಲಿ, ನಾನು ಒಪ್ಪಿದರೆ ಮುಗಿಯಿತು. ಚಿಗವ್ವ ಜಗಳವಾಡಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ತರಿಸಿತು.

ಮಸ್ಕಿಯದು ಹಳೆಯ ಹಾಲ್. ಗುಡ್ಡದ ಕಡೆಗೆ, ತಗಡಿನ ಚಾವಣಿ, ಮುಂದೆ ಒಂದು ಬೇವಿನ ಮರ. ಕರೆಂಟ್ ಹೋಗಿತ್ತು. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಅರೆಗತ್ತಲೆ. ಹಿಂದಿನ ಮದುವೆಯ ಚೆಂಡುಹೂವು ಕಂಬಗಳಲ್ಲಿ ಕಪ್ಪಾಗಿ ಜೋತಾಡುತ್ತಿತ್ತು. ಮುದುಕ ವಾಚ್‌ಮನ್ ನಾವು ಇಬ್ಬರೇ ಇದ್ದರೂ ಒಂದು ಸಾಲಿನ ಅಷ್ಟೂ ಕುರ್ಚಿಗಳನ್ನು ಒರೆಸತೊಡಗಿದ. ಯಾಕಪ್ಪಾ ಎಂದರೆ, "ಹಿರೇರು ಬಂದಾರಲ್ರೀ" ಎಂದ. ಚಿಗವ್ವನನ್ನೇ ಕುರಿತು ಹೇಳಿದ್ದು ಎಂದು ನನಗೆ ನಾನೇ ಹೇಳಿಕೊಂಡೆ.

ಚಿಗವ್ವ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಕೂರಿಸಿದಳು. "ಅಪ್ಪಾ, ಮೆಟ್ಲ ಇಲ್ಲ, ಬಾ. ಅವ್ವಾ, ಪೆಟ್ಟಿಗಿ ಇಲ್ಲ, ಬಾ. ಲೇ ಸಣ್ಣವನ, ಇಲ್ಲಿ ಬಾರ್ ಇಲ್ಲ, ಸುಮ್ಮನ ಕುಂದರು." ಪ್ಲಾಸ್ಟಿಕ್ ಕುರ್ಚಿ ಒಂದು ಕಿರ್ ಎಂದಿತು. ವಾಚ್‌ಮನ್ ಒರೆಸುತ್ತಿದ್ದದ್ದು ಇತ್ತ ಕಡೆ, ಸದ್ದು ಬಂದದ್ದು ಅತ್ತ ಕಡೆಯಿಂದ.

"ಎಲ್ಲಾರೂ ಕುಂತ್ರಲ್ಲ, ಇನ್ನೇನು?" ಎಂದೆ.

"ಅಕ್ಕ ಕುಂತಿಲ್ಲ" ಎಂದಳು. "ನಿಮ್ಮವ್ವ. ಹೊರಗ ನಿಂತಾಳ."

ನಾನು ಬಿಸಿಲನ್ನು ನೋಡಿದೆ. ಬೇವಿನ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

"ಬಾರ್ ಅಂದಿದ್ದು ಸುಳ್ಳು, ಲಿಫ್ಟ್ ಅಂದಿದ್ದೂ ಸುಳ್ಳು. ಎಲ್ಲಾ ಕಡಿಗೂ ಅಕಿ ಗೇಟಿನ ತನಕ ಬರತಾಳ, ಒಳಗ ಬರಂಗಿಲ್ಲ. ನಿನ್ನ ಮದಿವ್ಯಾಗೂ ಹಂಗ ಮಾಡಿದ್ಲು. ಅಕ್ಕಿಕಾಳು ಬೀಳೂ ಹೊತ್ತಿನಾಗ ನಾ ದರವಾಜಾದಾಗ ನಿಂತು ಕರದೇ ಕರದೆ."

ನನ್ನ ಮದುವೆಯ ಆಲ್ಬಮ್ಮಿನಲ್ಲಿ ಚಿಗವ್ವ ಇಲ್ಲ. ಒಂದೇ ಒಂದು ಫೋಟೋದಲ್ಲಿ, ದೂರದ ಬಾಗಿಲಲ್ಲಿ, ಅವಳ ಬೆನ್ನು ಕಾಣುತ್ತದೆ. ಸಾಕಿದವಳಿಗೆ ಅಷ್ಟೂ ಅಕ್ಕರೆ ಇಲ್ಲವೇ ಎಂದು ಎಷ್ಟೋ ವರ್ಷ ನೊಂದುಕೊಂಡಿದ್ದೆ.

"ಯಾಕ ಬರಂಗಿಲ್ಲಂತ?"

"ಮಗಳು ಕರದಿಲ್ಲಂತ. ತೊಟ್ಲಾಗ ಬಿಟ್ಟು ಹೋದಾಕಿ ಅಕಿ. ನಿನ್ನ ಬಾಯಿಲೆ ಅವ್ವಾ ಅನ್ನೂದು ಕೇಳಿಲ್ಲ. ಅದಕ್ಕ ಆ ಮಾತು ತಗದಿಟ್ಟಿದ್ದೆ. ಈಗರ ಕರಿಬೇ. ನಂದೂ ವಯಸ್ಸಾತು. ಮುಂದ ಅಕಿನ್ನ ಯಾರು ಕೈ ಹಿಡದು ಕರಕೊಂಡು ಬರತಾರ?"

ಅವಳು ನನಗೆ ಬಾಗಿಲು ಬಿಟ್ಟು ನನ್ನ ಹಿಂದೆ ಸರಿದಳು. ನಗಬೇಕೆಂದುಕೊಂಡೆ, ಆಗಲಿಲ್ಲ. ಆ ಎರಡಕ್ಷರಕ್ಕೆ ನಾಲಿಗೆ ಹೊರಳಲೇ ಇಲ್ಲ. ಕೊನೆಗೆ ಆ ಬಿಸಿಲಿಗೆ ಹೇಳಿದೆ:

"ಅವ್ವಾ, ಒಳಗ ಬಾ."

"ಬಂದೆ, ಮಗಳ."

ದನಿ ಬಂದದ್ದು ಹಿಂದಿನಿಂದ. ತಿರುಗಿ ನೋಡಿದರೆ ಚಿಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

"ನೀ ಅಂದಿಯೇನು?"

"ನಾ ಯಾಕ ಅನ್ನಲಿ? ನನ್ನ ಕರದಿಯೇನು ನೀ?"

ಯಾರನ್ನು ಕರೆದೆನೋ ನನಗೇ ಗೊತ್ತಾಗಲಿಲ್ಲ. ಅವಳನ್ನು ತಬ್ಬಿಕೊಂಡು ಸಣ್ಣ ಮಗುವಿನ ಹಾಗೆ ಅತ್ತೆ. ಬೀಗರಿಗೆ ಅಲ್ಲಿಂದಲೇ ಫೋನ್ ಮಾಡಿ, ಮಸ್ಕಿಯ ಹಾಲ್ ಗೊತ್ತಾಯಿತು ಎಂದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಮತ್ತೆ ಮೂವರ ಸೀಟು. ಚಿಗವ್ವ ಕಿಟಕಿಗೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಕೈಚೀಲ ಅವಳ ತೊಡೆಯ ಮೇಲಿತ್ತು, ನಮ್ಮ ನಡುವಿನ ಜಾಗ ಖಾಲಿ ಇತ್ತು. ಒಬ್ಬ ಹೆಂಗಸು ಬಂದು, "ಇಲ್ಲಿ ಯಾರರ ಅದಾರೇನ್ರೀ?" ಎಂದಳು.

"ಹೌದ್ರೀ" ಎಂದೆ. "ನಮ್ಮವ್ವ ಕುಂತಾಳ."