ಗುರುದತ್ ಎತ್ತಿದ ಕೈ

ಬೇಸ್‌ಬಾಲ್ ಪಂದ್ಯ ಒಂದನ್ನೂ ಪೂರ್ತಿ ನೋಡದ ನಾನು ಬೇಸ್‌ಬಾಲಿನ ಕತೆ ಹೇಳಲು ಹೊರಟಿರುವುದು ಅಧಿಕಪ್ರಸಂಗವೇ ಸರಿ. ಆಟ ಬಲ್ಲವರು ನನ್ನ ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು. ನನಗಿರುವ ಧೈರ್ಯ ಇಷ್ಟೇ: ಕತೆಯಲ್ಲಿ ಬರುವ ಗುರುದತ್‌ಗೂ ಆ ಆಟ ಗೊತ್ತಿರಲಿಲ್ಲ.

ಅವನಿದ್ದದ್ದು ರಿಯಾದಿನ ಒಲಾಯಾದಲ್ಲಿ, ಕೋಲ್ಡ್ ಸ್ಟೋರೇಜ್ ಕಟ್ಟಿಕೊಡುವ ಒಂದು ಕಂಪನಿಯಲ್ಲಿ. ಅಲ್ಲಿನ ಮ್ಯಾನೇಜರ್ ಉಸಾಮಾ; ಎಲ್ಲರ ಬಾಯಲ್ಲಿ ಮುದೀರ್. ಅಮೆರಿಕದಲ್ಲಿ ಓದಿ ಬರುವಾಗ ಪದವಿಯ ಜೊತೆಗೆ ಬೇಸ್‌ಬಾಲ್ ಹುಚ್ಚನ್ನೂ ತಂದಿದ್ದರು. ಈ ವರ್ಷ ಆ ಹುಚ್ಚನ್ನು ಆಫೀಸಿಗೂ ಹಂಚಿದರು. ಅಮೆರಿಕದಲ್ಲಿ ಆಡುವ ಆಟಗಾರರನ್ನು ಇಲ್ಲಿ ಹರಾಜಿನಲ್ಲಿ ಕೂಗಿ ಕೊಂಡು, ಕಾಗದದ ಮೇಲೆ ತಂಡ ಕಟ್ಟಬೇಕು; ಅವರು ಅಲ್ಲಿ ಚೆನ್ನಾಗಿ ಆಡಿದಷ್ಟೂ ಇಲ್ಲಿ ಕೊಂಡವರಿಗೆ ಅಂಕ. ಒಬ್ಬೊಬ್ಬರಿಗೂ ಇನ್ನೂರ ಅರವತ್ತು ಪಾಯಿಂಟಿನ ಬಜೆಟ್. ಅದರಲ್ಲಿ ಬ್ಯಾಟ್ ಬೀಸುವ ಹಿಟರ್‌ಗಳಿಗೆಷ್ಟು, ಚೆಂಡೆಸೆಯುವ ಪಿಚರ್‌ಗಳಿಗೆಷ್ಟು ಎಂದು ಅವರವರೇ ಹಂಚಿಕೊಳ್ಳಬೇಕು. ಹರಾಜು ಗುರುವಾರ ಸಂಜೆ, ಮೀಟಿಂಗ್ ರೂಮಿನಲ್ಲಿ.

ಗುರುವಾರ ಬೆಳಿಗ್ಗೆಯೇ ಪಕ್ಕದ ಮೇಜಿನ ನೌಶಾದ್ ಕುರ್ಚಿ ಎಳೆದುಕೊಂಡು ಬಂದ.

"ಇದು ಬರೀ ಆಟ ಅಂದ್ಕೊಂಡ್ರಾ ಮಾರಾಯ್ರೇ? ತಬೂಕ್ ಸೈಟಿಗೆ ಒಬ್ಬನನ್ನು ಕಳಿಸ್ಲಿಕ್ಕುಂಟು. ಎರಡು ವರ್ಷ. ಬಜೆಟ್ ಯಾರು ಹೇಗೆ ಹಂಚ್ತಾರೆ ಅಂತ ಮುದೀರ್ ನೋಡ್ತಾರೆ. ಎಡವಟ್ಟು ಮಾಡಿದವ ತಬೂಕಿಗೆ!"

ಗುರುದತ್‌ನ ಎದೆ ಹಳೆಯ ಕಂಪ್ರೆಸರ್‌ನಂತೆ ಒಮ್ಮೆ ಗಡಗಡಿಸಿ ನಿಂತಿತು. ಮೂರು ವರ್ಷ ಕಾದ ಮೇಲೆ ಹೆಂಡತಿಗೆ ವೀಸಾ ಆಗಿತ್ತು. ತುಮಕೂರಿನ ಶಾಲೆಯ ಕೆಲಸ ಬಿಟ್ಟು ತನುಶ್ರೀ ಮುಂದಿನ ವಾರ ಬರುವವಳಿದ್ದಳು. ಎರಡು ಕೋಣೆಯ ಮನೆಯನ್ನೂ ಹಿಡಿದಾಗಿತ್ತು. ಸಾವಿರ ಕಿಲೋಮೀಟರಿಗೂ ದೂರದ ತಬೂಕ್ ಸೈಟಿನಲ್ಲಿ ಗಂಡಸರ ಕ್ಯಾಂಪ್ ಮಾತ್ರ, ಸಂಸಾರಕ್ಕೆ ಜಾಗವಿಲ್ಲ.

"ಅಂದ ಹಾಗೆ, ನಿಮ್ಮ ಮನೆಯ ಅಡುಗೆಕೋಣೆಗೆ ಬೆಳಕು ಬರ್ತದಾ?" ನೌಶಾದ್ ಕೇಳಿದ. "ನನ್ನ ಹೆಂಡತಿ ಸಮೀಹಾಳಿಗೆ ಬೆಳಕಿಲ್ಲದ ಅಡುಗೆಕೋಣೆ ಆಗುವುದೇ ಇಲ್ಲ."

"ಬರುತ್ತೆ, ಬರುತ್ತೆ. ಬಜೆಟ್ ಹೇಗೆ ಹಂಚಲಿ ಹೇಳಿ."

"ಎಲ್ಲ ಹಿಟರ್‌ಗೆ ಹಾಕಿ. ಸಿಕ್ಸ್ ಹೊಡೆಯುವವನನ್ನೇ ಅಲ್ವಾ ಜನ ನೋಡೋದು?"

ಅಕೌಂಟ್ಸಿನ ಜಯಪ್ರಕಾಶರು ಮೈಸೂರಿನವರು, ಹಿರಿಯರು. ಅವರು ನಕ್ಕರು. "ಪಿಚರ್ ಅಂದ್ರೆ ಬೌಲರ್ ಕಣಯ್ಯ. ಬೌಲರ್ ಇಲ್ದೆ ಯಾವ ಮ್ಯಾಚ್ ಗೆದ್ದಿದ್ದೀವಿ? ಅಲ್ಲೇ ಸುರಿ."

ಬಜೆಟ್ ತೊಟ್ಟಿಲಿನಂತೆ ಅತ್ತ ಇತ್ತ ತೂಗತೊಡಗಿತು. ಊಟದ ಹೊತ್ತಿಗೆ ಹಿಟರ್‌ಗಳ ಕಡೆಗಿದ್ದದ್ದು ನಮಾಜಿನ ವಿರಾಮದಲ್ಲಿ ಪಿಚರ್‌ಗಳ ಕಡೆಗೆ ವಾಲಿತು. ಅಷ್ಟರಲ್ಲಿ ತನುಶ್ರೀ ಫೋನ್ ಮಾಡಿದಳು.

"ರೀ, ಕುಕ್ಕರ್ ಇಲ್ಲಿಂದಲೇ ತರ್ಲಾ?"

"ಅದಿರಲಿ, ಹಿಟರ್‌ಗೆ ಜಾಸ್ತಿ ಇಡ್ಲಾ, ಪಿಚರ್‌ಗಾ?"

"ಯಾರೋ ಗೊತ್ತಿಲ್ಲ. ಇಬ್ಬರಿಗೂ ಸಮ ಹಂಚಿಬಿಡಿ, ಯಾರಿಗೂ ಬೇಜಾರಾಗಲ್ಲ."

ಆಗಲೇ ಗುರುದತ್‌ಗೆ ಆ ಯೋಚನೆ ಹೊಳೆದದ್ದು. ಕ್ರಿಕೆಟ್ಟಿನಲ್ಲಿ ಬೌಲರ್ ಕೂಡ ಬ್ಯಾಟ್ ಹಿಡಿಯುತ್ತಾನೆ. ಪಿಚರ್ ಕೂಡ ಹಾಗೆಯೇ ಹಿಡಿಯುವುದಾದರೆ ಹಿಟರ್‌ಗಳ ಪಾಲನ್ನು ಅಷ್ಟು ಉಳಿಸಬಹುದಲ್ಲ? ಜಯಪ್ರಕಾಶರು, "ಹರಾಜಲ್ಲೇ ಕೇಳಿಬಿಡು" ಎಂದರು. ಗುರುದತ್ ಓದಿದ್ದು ಸಂಜೆ ಕಾಲೇಜಿನಲ್ಲಿ. ಸಂದೇಹ ಇರುವವರು ಕೈ ಎತ್ತಿ, ಸರದಿ ಬರುವವರೆಗೆ ಇಳಿಸಬಾರದು ಎಂಬುದು ಅಲ್ಲಿ ಅವನಿಗೆ ಅಂಟಿದ ಶಿಸ್ತು.

ಸಂಜೆ ಹರಾಜು ಶುರುವಾಯಿತು. ಮುದೀರ್ ಬಾಯಿ ತೆರೆದ ಮೇಲೆ ಅವರ ಮೇಲೆ ಕೂಗುವ ಪದ್ಧತಿ ಆ ಆಫೀಸಿನಲ್ಲಿ ಇರಲಿಲ್ಲ. ಅವರು ಒಂದು ಪಾಯಿಂಟ್ ಎಂದರೆ ಉಳಿದವರೆಲ್ಲ ನೆಲಹಾಸು ನೋಡುತ್ತಿದ್ದರು. ನಾಲ್ವರು ದೊಡ್ಡ ಹಿಟರ್‌ಗಳು ಒಂದೊಂದೇ ಪಾಯಿಂಟಿಗೆ ಬಂದು ಬಿದ್ದಾಗ ಮುದೀರರ ಮುಖ ಹುಳಿಯಾಯಿತು.

"ಇದು ಹರಾಜೋ, ಸಂತಾಪ ಸಭೆಯೋ?" ಎಂದರು. "ಈಗ ನನ್ನ ಅಚ್ಚುಮೆಚ್ಚಿನ ಎಡಗೈ ಪಿಚರ್. ನನ್ನದು ಹತ್ತು."

ಗುರುದತ್ ಕೈ ಎತ್ತಿದ.

"ಆಹಾ! ಗುರುದತ್ ಹನ್ನೊಂದು! ನನ್ನದು ಮೂವತ್ತು."

"ಸರ್, ಒಂದು ಡೌಟು..."

"ಹರಾಜಿನಲ್ಲಿ ಡೌಟು ಬೇಡ ಹಬೀಬಿ! ಗುರುದತ್ ಮೂವತ್ತೊಂದು. ನನ್ನದು ಎಂಬತ್ತು!"

ಸಂದೇಹ ಕೇಳಿಯಾಗಿರಲಿಲ್ಲ, ಹಾಗಾಗಿ ಕೈ ಇಳಿಯಲಿಲ್ಲ. ಜಯಪ್ರಕಾಶರು ಮೇಜಿನ ಕೆಳಗಿನಿಂದ ಅವನ ಅಂಗಿ ಜಗ್ಗಿದರು. 'ಗಟ್ಟಿಯಾಗಿ ಕೇಳು' ಎನ್ನುತ್ತಿದ್ದಾರೆಂದು ತಿಳಿದು ಗುರುದತ್ ಕೈಯನ್ನು ಇನ್ನಷ್ಟು ಮೇಲೆತ್ತಿದ. ಇನ್ನೂರ ನಲವತ್ತಕ್ಕೆ ಮುದೀರ್ ಸೋತು, ಬೆವರು ಒರೆಸಿಕೊಂಡು ಕುಳಿತರು.

"ಈಗ ಕೇಳು, ಏನು ನಿನ್ನ ಡೌಟು?"

"ಸರ್, ಈ ಪಿಚರ್ ಬ್ಯಾಟಿಂಗೂ ಮಾಡ್ತಾನಾ?"

"ಇಲ್ಲ."

ಇಡೀ ತಂಡದ ಹಿಟರ್‌ಗಳಿಗೆ ಉಳಿದದ್ದು ಇಪ್ಪತ್ತು ಪಾಯಿಂಟ್. ನೌಶಾದ್ ಸಾವಿನ ಮನೆಗೆ ಬಂದವನಂತೆ ತಲೆಯಾಡಿಸಿದ.

ಹರಾಜು ಮುಗಿದದ್ದೇ ಮುದೀರ್ ಗುರುದತ್‌ನನ್ನು ಕ್ಯಾಬಿನ್ನಿಗೆ ಕರೆದರು. ಅವನು ಒಳಗೆ ಹೋದರೆ, ಅವರು ಎದ್ದು ನಿಂತು ಕೈ ಕುಲುಕಿದರು.

"ಈ ಆಫೀಸಿನಲ್ಲಿ ನನ್ನೆದುರು ಕೈ ಎತ್ತಿದವನು ನೀನೊಬ್ಬನೇ. ಗಂಡಸು!"

ಗುರುದತ್‌ಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ಸರ್, ತಬೂಕ್..."

"ಓ, ನಿನಗೂ ಗೊತ್ತೋ? ನಿನ್ನ ಹೆಸರು ಹೋದ ವಾರವೇ ಗಟ್ಟಿಯಾಗಿದೆ. ಅಲ್ಲಿನ ಕಂಟ್ರಾಕ್ಟರ್ ಭಾರಿ ಜೋರು. ನೀನು ತೀರಾ ಮೆತ್ತಗಿನವನೇನೋ ಅಂತ ನನಗೊಂದು ಅಳುಕಿತ್ತು. ಇವತ್ತು ಅದೂ ಹೋಯಿತು. ಶನಿವಾರ ಹೊರಡು. ಯಲ್ಲಾ, ನಡಿ!"

ಗುರುದತ್‌ನ ಕೈ ತಾನಾಗಿ ಮೇಲೆದ್ದಿತು. "ಸರ್, ನನ್ನ ಹೆಂಡತಿ ಮುಂದಿನ ವಾರ..."

ಮುದೀರ್ ಪ್ರೀತಿಯಿಂದಲೇ ನಕ್ಕರು. "ಹರಾಜು ಮುಗಿಯಿತು ಹಬೀಬಿ. ಕೈ ಇಳಿಸು."

ಹೊರಗೆ ನೌಶಾದ್ ಸುಲೈಮಾನಿ ಚಹಾ ಹಿಡಿದು ಕಾಯುತ್ತಿದ್ದ. "ಬೇಜಾರ್ ಮಾಡ್ಬೇಡಿ ಮಾರಾಯ್ರೇ. ಮನೆ ಖಾಲಿ ಬಿಟ್ರೆ ಧೂಳು ತುಂಬ್ತದೆ. ಬೀಗದಕೈ ನನ್ನತ್ರ ಇರಲಿ. ಹೇಗೂ ಸಮೀಹಾ ಬರ್ಲಿಕ್ಕುಂಟು."

ಗುರುದತ್ ಬೀಗದಕೈ ಕೊಟ್ಟ. ಆಮೇಲೆ ತನುಶ್ರೀಗೆ ಫೋನ್ ಮಾಡಿ, ಕುಕ್ಕರ್ ತರುವುದು ಬೇಡ ಎಂದ. ಅವಳು, "ಹಾಗಾದರೆ ಅಲ್ಲೇ ಕೊಳ್ಳೋಣ" ಎಂದಳು.

ಆ ಅಡುಗೆಕೋಣೆಗೆ ಬೆಳಕು ಚೆನ್ನಾಗಿ ಬರುತ್ತದೆಂದು ಸಮೀಹಾ ಈಗ ಎಲ್ಲರಿಗೂ ಹೇಳುತ್ತಾಳಂತೆ. ಹೋದ ವಾರ ಮುದೀರರ ಕಿವಿಗೆ ಗುರುದತ್‌ನ ಹೆಸರು ಹಾಕಿದವರು ಯಾರು? ನೌಶಾದ್ ಇರಬಹುದು, ಇಲ್ಲದೆಯೂ ಇರಬಹುದು. ನೋಡದೆ ಒಬ್ಬನ ಮೇಲೆ ಹೊರಿಸುವುದು ತಪ್ಪಾಗುತ್ತದೆ. ನನಗೆ ಗೊತ್ತಿಲ್ಲ.